ಮಂಗಳವಾರದ ಬಾಣಲೆ

ಅಮೆರಿಕದ ಅಯೋವಾದ ಆ ಬೀದಿಯಲ್ಲಿ ಮಾರ್ಲಿಸ್ ಎದುರು ಮಾಂಸದ ಜೊತೆ ಬಾಣಲೆಯಲ್ಲಿ ಬೇಯಿಸಿಕೊಳ್ಳುವ ಅಂಗಡಿಯ ಡಬ್ಬದ ಊಟದ ಹೆಸರೆತ್ತುವ ಧೈರ್ಯ ಯಾರಿಗೂ ಇಲ್ಲ. "ಅದರಲ್ಲೇನಿದೆ, ಒಂದು ಹಿಡಿ ಪಾಸ್ತಾ, ಒಂದು ಪೊಟ್ಟಣ ಉಪ್ಪು. ಬನ್ನಿ, ಅದನ್ನೇ ಮನೇಲಿ ಮಾಡಿ ತೋರಿಸ್ತೀನಿ" ಎನ್ನುತ್ತಾಳೆ. ಕೊಚ್ಚಿದ ಮಾಂಸ ಹುರಿದು, ಪಾಸ್ತಾ, ಹಾಲು ಸುರಿದು, ಚೀಸನ್ನು ತಾನೇ ತುರಿದು ಹಾಕುತ್ತಾಳೆ. ಅಳತೆಯ ಚಮಚ ಮುಟ್ಟುವುದೆಂದರೆ ಅವಳಿಗೆ ಅವಮಾನ. ಅವಳ ಕೈಯಲ್ಲಿ ಅಡುಗೆ ಎಂದೂ ತಳ ಹಿಡಿದದ್ದಿಲ್ಲ, ಮಂಗಳವಾರವೊಂದು ಬಿಟ್ಟು. ಅಂದು ಊಟಕ್ಕೆ ಬರುವವಳು ಗಂಡನ ಮೊದಲ ಹೆಂಡತಿಯ ಮಗಳು ಟೆಸ್. ತೀರಿಕೊಂಡ ಆ ತಾಯಿ ಡಬ್ಬದ ಊಟವನ್ನೇ ಮಾಡುತ್ತಿದ್ದಳು, ಫೋನಿನಲ್ಲಿ ಹರಟುತ್ತ ಪ್ರತಿಸಲವೂ ಸೀಯಿಸುತ್ತಿದ್ದಳು. ಹಾಗಾಗಿ ಮಾರ್ಲಿಸ್ ಅಂದು ಉರಿ ಹೆಚ್ಚಿಸಿ, ಸೌಟು ಬದಿಗಿಟ್ಟು, ಸೀದ ವಾಸನೆ ಬರುವತನಕ ಕೈಕಟ್ಟಿ ಕಾಯುತ್ತಾಳೆ. "ಇವತ್ತೂ ತಳ ಹಿಡಿಸಿದ್ರಾ?" ಎಂದು ನಗುತ್ತ ಟೆಸ್ ಬಾಣಲೆಯನ್ನು ಕೆರೆದು ಕೆರೆದು ತಿನ್ನುತ್ತಾಳೆ. "ಏನ್ ಮಾಡೋದಮ್ಮ, ಈ ಅಡುಗೆ ನನ್ ಕೈಗೆ ಒಗ್ಗಲೇ ಇಲ್ಲ" ಎನ್ನುತ್ತಾಳೆ ಮಾರ್ಲಿಸ್.