ಮುಂದಿನ ಬೂತಿನವರೆಗೆ

ಯಲ್ಲಾಪುರ ಬಸ್ ನಿಲ್ದಾಣದ ಎದುರು ಅತೀಕ್ ಸಾಬರ ಎಸ್‌ಟಿಡಿ ಬೂತು, ಅದಕ್ಕೆ ತಾಗಿ ನನ್ನ ಔಷಧಿ ಅಂಗಡಿ. ಹದಿನೈದು ವರ್ಷ ಲಾರಿ ಓಡಿಸಿ, ಮೊಣಕಾಲು ಹಾಳಾದ ಮೇಲೆ ೧೯೯೬ರಲ್ಲಿ ಅವರು ಬೂತು ಹಾಕಿದರು. ಅಲ್ಲಿಂದ ಹೊರಗೆ ಹೋಗುವ ಫೋನಿಗಿಂತ ಒಳಗೆ ಬರುವುದೇ ಹೆಚ್ಚು. ಘಟ್ಟ ಇಳಿಯುವ ಲಾರಿಯವರು ದಾರಿ ತಿಳಿಯದೆ ಎಲ್ಲಾದರೂ ಬೂತು ಕಂಡಲ್ಲಿ ನಿಂತು ಫೋನಿನಲ್ಲಿ ಅವರನ್ನೇ ಕೇಳುತ್ತಿದ್ದರು. ಎಲ್ಲಿ ಮರ ಬಿದ್ದಿದೆ, ಯಾವ ಸೇತುವೆ ಎಷ್ಟು ಭಾರ ತಡೆಯುತ್ತದೆ, ಎಲ್ಲ ಸಾಬರಿಗೆ ಬಾಯಿಪಾಠ.

ಆದರೆ ಅವರು ಯಾರಿಗೂ ಪೂರ್ತಿ ದಾರಿ ಹೇಳುತ್ತಿರಲಿಲ್ಲ. ಮುಂದಿನ ಬೂತು ಸಿಗುವವರೆಗೆ ಮಾತ್ರ. “ಅಲ್ಲಿಂದ ಮತ್ತೆ ಮಾಡು. ಅಷ್ಟರೊಳಗೆ ದಾರಿ ಬದಲಾಗಿರ್ತದೆ” ಎಂದು ಫೋನು ಇಟ್ಟೇಬಿಡುತ್ತಿದ್ದರು. ಸಿಟ್ಟು ಬರುವಷ್ಟು ಹಟ. ಸಿದ್ದಾಪುರಕ್ಕೆ ಹೊರಟ ನನಗೂ ಒಮ್ಮೆ ಶಿರಸಿಯವರೆಗೆ ಮಾತ್ರ ಹೇಳಿ ಕಳಿಸಿದ ಮನುಷ್ಯ!

ಮೊಬೈಲು ಬಂತು, ಸಾಬರ ಫೋನು ನಿಂತಿತು. ನೊಣ ಹೊಡೆಯುತ್ತ ಕೂತರು. ೨೦೦೮ರ ಮಾರ್ಚಿನಲ್ಲಿ, ಗಾಡಿಯೊಳಗೆ ದಾರಿ ತೋರಿಸುವ ಯಂತ್ರಕ್ಕೆ ನಕ್ಷೆ ಮಾಡುವವರು ಅವರ ಹೆಸರು ಹಿಡಿದು ಕೇಳಿಕೊಂಡು ಬಂದಾಗ ಹಿಗ್ಗಿ ಹೀರೇಕಾಯಿಯಾದರು. ಎರಡು ದಿನ ಜೀಪಿನಲ್ಲಿ ಕೂತು ಇದ್ದಬದ್ದ ದಾರಿಯನ್ನೆಲ್ಲ ಒಟ್ಟಿಗೇ ಹೇಳಿಕೊಟ್ಟರು. ಇಡಗುಂದಿ ಹತ್ತಿರ ಹಳ್ಳ ದಾಟುವ ಒಳದಾರಿಯನ್ನೂ ಬಿಡಲಿಲ್ಲ. ಹಳ್ಳ ಒಣಗಿತ್ತು, ಜೀಪು ಸಲೀಸಾಗಿ ದಾಟಿತು. ಅದು ಬೇಸಿಗೆ ದಾರಿ ಎಂದು ನಮ್ಮಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಸಾಬರೂ ಹೇಳಲಿಲ್ಲ.

ಮರುವರ್ಷ ಜುಲೈನಲ್ಲಿ ಹುಬ್ಬಳ್ಳಿ ಕಡೆಯ ವ್ಯಾನೊಂದು ನನ್ನ ಅಂಗಡಿಯೆದುರು ನಿಂತಿತು. ಮಕ್ಕಳು ಮರಿ ಸೇರಿ ಎಂಟು ಜನ, ಬೀಗರ ಮನೆಗೆ ಹೊರಟವರು. ಚಾಲಕ ವಾಂತಿ ಮಾತ್ರೆ ತೆಗೆದುಕೊಂಡ. ನಾನು ದಾರಿ ಹೇಳಹೋದರೆ, “ಮಷೀನ್ ಐತ್ರಿ. ಇಡಗುಂದಿಗಿಂತ ಮದಲ ಎಡಕ್ಕ ಹೊಳ್ಳಬೇಕಂತ. ಎಂಟು ಕಿಲೋಮೀಟರ್ ಉಳೀತೈತಿ” ಎಂದು ಹೊರಟೇಬಿಟ್ಟ.

ಅದು ಹಳ್ಳದ ದಾರಿ ಎಂದು ನನ್ನ ಮಂಡೆಗೆ ಹೊಳೆದದ್ದು ವ್ಯಾನು ಮರೆಯಾದ ಮೇಲೆ. ಬೂತಿಗೆ ಓಡಿಹೋಗಿ ಹೇಳಿದೆ. ಸಾಬರ ಮುಖ ಬಿಳಿಚಿಕೊಂಡಿತು.

“ಆ ದಾರಿ ಕೊಟ್ಟಿದ್ದು ನಾನೇ ಮಾರಾಯ. ನಾಗಪತಿ, ಸ್ಕೂಟರ್ ತೆಗಿ.”

ದಾರಿಯುದ್ದಕ್ಕೂ ಸಾಬರು ಹಿಂದೆ ಕೂತು ನನ್ನ ಹೆಗಲು ಹಿಂಡುತ್ತಿದ್ದರು. ನನಗೂ ಹೆದರಿಕೆಯಾಗಿತ್ತು.

ವ್ಯಾನು ಹಳ್ಳದ ಅಂಚಿನಲ್ಲಿತ್ತು. ಮುಂದಿನ ಗಾಲಿಗೆ ಕೆಂಪು ನೀರು ಬಡಿಯುತ್ತಿತ್ತು. ಕಲ್ಲವ್ವ ಎಂಬ ಅಜ್ಜಿ ಕೆಳಗಿಳಿದು ಬಾಗಿಲು ಹಿಡಿದುಕೊಂಡು, “ನಾ ಒಲ್ಲೆ, ಹುಡುಗ್ರನ್ನ ಇಳಸು!” ಎಂದು ಕೂಗುತ್ತಿದ್ದರು. ಚಾಲಕ ಇಂಜಿನ್ ಆರಿಸಿರಲಿಲ್ಲ. ನಾವು ಬೇಡವೆಂದು ಕೈಬೀಸಿದರೆ ಅವನಿಗೆ ರೇಗಿಹೋಯಿತು.

“ಸೀದಾ ಹೋಗು ಅಂತೈತಲ್ರಿ ಇದು! ಬ್ಯಾಡ ಅನ್ನಾಕ ನೀವ್ಯಾರು?”

ಸಾಬರು ಕುಂಟುತ್ತ ನೀರಿಗಿಳಿದು ವ್ಯಾನಿನ ಮುಂದೆ ನಿಂತರು.

“ಅದಕ್ಕೆ ಹೇಳಿಕೊಟ್ಟವ. ತಪ್ಪು ಹೇಳಿಕೊಟ್ಟಿದ್ದೆ. ಹಿಂದೆ ತಗೊ.”

ಚಾಲಕ ಅವರ ಮುಖ ನೋಡಿದ, ಹಿಂದೆ ತೆಗೆದ. ಡಾಂಬರು ರಸ್ತೆಗೆ ಬಂದ ಮೇಲೆ, ಇನ್ನು ಹೆಂಗ ಹೋಗಬೇಕೆಂದು ತಗ್ಗಿದ ದನಿಯಲ್ಲಿ ಕೇಳಿದ.

“ಇಡಗುಂದಿಯವರೆಗೆ ಹೋಗು. ಅಲ್ಲಿ ಮತ್ತೆ ಕೇಳು,” ಎಂದರು ಸಾಬರು.

ನಕ್ಷೆಯವರಿಗೆ ಫೋನು ಮಾಡಿದರೆ, ತಿದ್ದಿದ್ದು ಮುಂದಿನ ವರ್ಷದ ನಕ್ಷೆಯಲ್ಲಿ ಬರುತ್ತದೆ ಎಂದರು. ಸಾಬರು ಮರುದಿನವೇ ಬೂತಿನ ಹಳದಿ ಬೋರ್ಡು ಬಿಚ್ಚಿದರು. ಅದರ ಹಿಂಬದಿಗೆ ‘ಮಳೆಗಾಲದಲ್ಲಿ ದಾರಿ ಇಲ್ಲ’ ಎಂದು ಬರೆಸಿ ಆ ತಿರುವಿನಲ್ಲಿ ನೆಟ್ಟು ಬಂದರು. ಬೂತಿಗೆ ಮತ್ತೆ ಬೋರ್ಡು ಹಾಕಲಿಲ್ಲ.