ಗಿಟಾರಿಗೆ ಉಸಿರು

ಕಳೆದ ವಾರ ವಿಜಯನಗರದ ಅಂಗಡಿಯೊಂದರಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟು ನಿಂತಿದ್ದೆ. ಒಳಗಿದ್ದವರು ಬಿಸಿ ಸೋಲ್ಡರಿಂಗ್ ಕಡ್ಡಿಯನ್ನು ರಾಳಕ್ಕೆ ಮುಟ್ಟಿಸಿದರು. ಸುಟ್ಟ ರಾಳದ ವಾಸನೆ ಕೌಂಟರ್ ದಾಟಿ ಬಂತು. ಬಾಪೂಜಿ ನಗರದ ವಠಾರದಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಅಣ್ಣ ನೆನಪಾದರು...

ಎರಡು ಸಾವಿರದ ದಶಕದ ಮೊದಲ ವರ್ಷಗಳು. ನಾನು ಆಗಷ್ಟೇ ಪತ್ರಿಕೆಯೊಂದಕ್ಕೆ ಸೇರಿದ್ದೆ. ಅಣ್ಣ ಹಗಲು ಟೀವಿ ರಿಪೇರಿ ಮಾಡುತ್ತಿದ್ದರು, ಸಂಜೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಅವರ ತಂದೆ ವಾಲಗದವರು. ದೇವಸ್ಥಾನ, ಮದುವೆಮನೆ ಎಂದು ಆಯುಷ್ಯವೆಲ್ಲ ನಾದಸ್ವರ ಊದಿದ್ದ ಅವರಿಗೆ ಶ್ವಾಸಕೋಶದ ಕಾಯಿಲೆ ಬಂದಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ವಾದ್ಯ ಬಟ್ಟೆಯ ಚೀಲದೊಳಗೆ ಗೋಡೆಯಲ್ಲಿ ನೇತಾಡುತ್ತಿತ್ತು. ಮಗ ಅದನ್ನು ಬಿಟ್ಟು ಗಿಟಾರ್ ಹಿಡಿದದ್ದು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಅಣ್ಣ ನುಡಿಸಲು ಕುಳಿತರೆ ಅವರು ಎದ್ದು ಹೊರಗಿನ ಕಟ್ಟೆಗೆ ಹೋಗುತ್ತಿದ್ದರು.

ಅಪ್ಪ ಒಂದು ಸಲ ಕೂತು ಕೇಳಬೇಕು. ಅಣ್ಣನಿಗೆ ಇದ್ದ ಆಸೆ ಅಷ್ಟೇ.

ಅದಕ್ಕಾಗಿಯೇ ಅವರು ಫಝ್ ಪೆಡಲ್ ಕಟ್ಟಲು ಹೊರಟರು. ಗಿಟಾರಿಗೂ ಸ್ಪೀಕರಿಗೂ ನಡುವೆ ಕೂರುವ ಸಣ್ಣ ಪೆಟ್ಟಿಗೆ ಅದು. ಕಾಲಿನಿಂದ ಸ್ವಿಚ್ ಒತ್ತಿದರೆ ತಂತಿಯ ತೆಳು ದನಿ ಒರಟಾಗಿ, ಉದ್ದಕ್ಕೆ ಕೂಗತೊಡಗುತ್ತದೆ. "ವಾಲಗದ ಗಂಟಲು ಬರ್ಬೇಕು ಕಣೋ" ಎನ್ನುತ್ತಿದ್ದರು ನನಗೆ. ಕೆಟ್ಟ ರೇಡಿಯೊಗಳಿಂದ ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ಬಿಚ್ಚಿ ತಂದು, ಒಂದೊಂದನ್ನೇ ಹಾಕಿ, ಕೇಳಿ, ತೆಗೆಯುತ್ತಿದ್ದರು. ಒಂದು ಕೀರಲು, ಇನ್ನೊಂದು ಗೊರಗೊರ. ಹಲಗೆಯ ಮೇಲೆ ತೆರೆದಿಟ್ಟಿದ್ದ ಪೆಡಲಿನ ವೈರುಗಳು ಒಂದು ದಿನ ಗಾಳಿಯಲ್ಲಿದ್ದ ರೇಡಿಯೊವನ್ನೇ ಹಿಡಿದುಬಿಟ್ಟವು. ಸ್ಪೀಕರಿನಲ್ಲಿ ಸಣ್ಣಗೆ ವಾರ್ತೆ ಬಂತು.

"ಪರ್ವಾಗಿಲ್ವೇ, ನಿನ್ ಗಿಟಾರು ವಾರ್ತೆ ಚೆನ್ನಾಗಿ ಓದ್ತದೆ" ಎಂದರು ತಂದೆ, ಕಟ್ಟೆಯ ಮೇಲಿಂದಲೇ.

"ನಿಮ್ ವಾಲಗ ಓದ್ತಿತ್ತಾ ಅಪ್ಪಾ?" ಎಂದು ಅಣ್ಣ ಒಳಗಿನಿಂದ ಕೂಗಿದರು.

ಎಲ್ಲವನ್ನೂ ಸ್ಟೀಲಿನ ಊಟದ ಡಬ್ಬಿಯೊಳಗೆ ಕೂರಿಸಿ ಮುಚ್ಚಳ ಹಾಕಿದ ಮೇಲೆ ವಾರ್ತೆ ನಿಂತಿತು. ಆದರೆ ಜರ್ಮೇನಿಯಂಗೆ ಬಿಸಿ ಆಗದು. ಅವರದು ಶೀಟಿನ ಮನೆ. ಬಿಸಿಲೇರಿ ಶೀಟು ಕಾದಂತೆಲ್ಲ ದನಿ ತೊದಲಿ ಒಡೆಯುತ್ತಿತ್ತು. ಬೆಳಗಿನ ತಂಪಿನಲ್ಲಿ ಮಾತ್ರ ತುಂಬು ಗಂಟಲು. ಹಾಗಾಗಿ ಒಂದು ಬೆಳಿಗ್ಗೆ ಡಬ್ಬಿಯನ್ನು ನೀರಿನ ಮಡಕೆಯ ಪಕ್ಕ ತಣ್ಣನೆಯ ನೆಲದಲ್ಲಿಟ್ಟು ಅಣ್ಣ ಭೂಪಾಳ ಎತ್ತಿಕೊಂಡರು. ದೇವಸ್ಥಾನದ ಬಾಗಿಲು ತೆರೆಯುವಾಗ ತಂದೆ ಊದುತ್ತಿದ್ದ ರಾಗ. ನಾನು ಬಾಗಿಲಲ್ಲಿ ನಿಂತಿದ್ದೆ. ನಲ್ಲಿಯ ಬಳಿ ಕೊಡ ಹಿಡಿದಿದ್ದ ಆಂಟಿ, "ಯಾರ್ ಮನೇಲಿ ಮದ್ವೆ?" ಎಂದು ಕೇಳಿದರು.

ತಂದೆ ಕಟ್ಟೆಯಿಂದ ಇಳಿದು ಒಳಗೆ ಬಂದರು. ಅಣ್ಣ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಕೇಳಿದ ತಂದೆ, "ನಿಲ್ಸೋ" ಎಂದರು.

ಅಣ್ಣನ ಮುಖ ಸಣ್ಣದಾಯಿತು.

"ಉಸಿರು ಎಲ್ಲಿ ತಗೊಂಡೆ?"

"ಗಿಟಾರ್ ಅಪ್ಪ ಇದು... ಇದಕ್ಯಾಕೆ ಉಸಿರು?"

"ಕೇಳೋನಿಗೆ ಬೇಡ್ವೇನೋ, ಕತ್ತೆ?"

ಹಾಗೆಂದವರು ಹೊರಗೆ ಹೋಗಲಿಲ್ಲ. ಮಗನ ಹಿಂದೆ ಚಾಪೆಯ ಮೇಲೆ ಕುಳಿತು ಅಣ್ಣನ ಹೆಗಲಿಗೆ ಕೈಯಿಟ್ಟು, "ಮೊದ್ಲಿಂದ" ಎಂದರು. ಎಲ್ಲಿ ತಾವಾದರೆ ಉಸಿರೆಳೆದುಕೊಳ್ಳುತ್ತಿದ್ದರೋ ಅಲ್ಲಿ ಹೆಗಲನ್ನು ಒತ್ತುತ್ತಿದ್ದರು. ಒತ್ತಿದಾಗ ಅಣ್ಣ ತಂತಿಯ ಮೇಲೆ ಅಂಗೈ ಇಟ್ಟು ದನಿ ನಿಲ್ಲಿಸುತ್ತಿದ್ದರು. ಒಂದು ಕ್ಷಣದ ಮೌನ, ಮತ್ತೆ ರಾಗ. ನೋಡುತ್ತಿದ್ದವನಿಗೆ ನಿಧಾನವಾಗಿ ತಿಳಿಯಿತು: ಆ ಮುದುಕರ ಎದೆಯೂ ಅದೇ ಜಾಗಗಳಲ್ಲಿ ಏಳುತ್ತಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ, ಶೀಟು ಕಾಯುವವರೆಗೆ, ಪಾಠ ನಡೆಯಿತು. ಬೈಗುಳವೂ ನಡೆಯಿತು. ತಂದೆ ತೀರಿಕೊಂಡ ಮೇಲೆ ಅಣ್ಣನ ಗಿಟಾರ್ ಆರ್ಕೆಸ್ಟ್ರಾದಲ್ಲೂ ಹಾಗೆಯೇ ನಡುನಡುವೆ ನಿಲ್ಲುತ್ತಿತ್ತು. ಕೀಬೋರ್ಡಿನವನು "ಏನ್ ಗುರು, ಕರೆಂಟ್ ಹೋಯ್ತಾ?" ಎಂದು ಛೇಡಿಸಿದರೆ ನಕ್ಕು ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದರು.

ಆಮೇಲೆ ವಠಾರ ಬಿದ್ದು ಅಪಾರ್ಟ್‌ಮೆಂಟ್ ಎದ್ದಿತು. ಅಣ್ಣ ಮಲ್ಲತ್ತಹಳ್ಳಿ ಕಡೆಗೆ ಹೋದರು, ನಾನು ಇನ್ನೊಂದು ಕಡೆಗೆ... ಅವರು ತೀರಿಹೋದ ಸುದ್ದಿ ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಸುದ್ದಿಯ ಕೆಲಸದಲ್ಲೇ ಇರುವವನಿಗೆ ಆ ಸುದ್ದಿ ಮಾತ್ರ ತಡವಾಗಿ ಬಂತು.

ಈಗ ಗಣೇಶನ ಪೆಂಡಾಲಿನಲ್ಲೋ ಟೀವಿಯಲ್ಲೋ ಯಾರೋ ಹುಡುಗ ಕಣ್ಣು ಮುಚ್ಚಿಕೊಂಡು ಎಲ್ಲೂ ನಿಲ್ಲಿಸದೆ ಗಿಟಾರ್ ನುಡಿಸುತ್ತಿರುತ್ತಾನೆ. ಚೆನ್ನಾಗಿಯೇ ನುಡಿಸುತ್ತಾನೆ. ಹಿಂದಿನಿಂದ ಯಾರಾದರೂ ಬಂದು ಅವನ ಹೆಗಲನ್ನು ಮೆಲ್ಲಗೆ ಒತ್ತಬಾರದೇ ಅನ್ನಿಸುತ್ತದೆ.