ಮಾವನವರು ತೆಗೆದ ಏಳು ಫೋಟೋ

ನಮ್ಮ ಮಾವನವರ ಬಲಗೈ ಬೆರಳುಗಳ ತುದಿ ಸದಾ ಕಂದಾಗಿರುತ್ತಿತ್ತು. ಬೀಡಿಯ ಕಲೆಯಲ್ಲ, ಬಚ್ಚಲನ್ನು ಕತ್ತಲೆ ಮಾಡಿಕೊಂಡು ಫಿಲ್ಮ್ ತೊಳೆಯುವ ಔಷಧದ್ದು. ಊಟಕ್ಕೆ ಮುಂಚೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು, ಹೋಗುತ್ತಿರಲಿಲ್ಲ.

ಚಿನ್ನದ ಗಣಿ ನಡೆಯುತ್ತಿದ್ದಾಗ ಅವರ ಕೆಲಸ, ಸುರಂಗದಲ್ಲಿ ಬಂಡೆ ಬಿದ್ದು ಸತ್ತವರ ಫೋಟೋ ತೆಗೆಯುವುದು. ಅಳತೆ ತಿಳಿಯಲೆಂದು ಗಾಯದ ಪಕ್ಕ ಸ್ಟೀಲ್ ಸ್ಕೇಲ್ ಇಡಬೇಕಿತ್ತಂತೆ. ಗಣಿ ಮುಚ್ಚಿದ ಮೇಲೆ ಅವರ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ ಚಾಂಪಿಯನ್ ರೀಫ್ಸ್ ಗಣಿ ಕಾಲೊನಿಯ ನಮ್ಮ ಲೈನ್ ಮನೆಯೊಳಕ್ಕೆ ತಿರುಗಿತು. ನಾನು ಸೊಪ್ಪು ಬಿಡಿಸುವುದು, ಅತ್ತೆ ನನ್ನ ಮಗಳ ತಲೆಯಲ್ಲಿ ಹೇನು ಹುಡುಕುವುದು, ಎಲ್ಲವೂ ಕಪ್ಪು-ಬಿಳುಪಿನಲ್ಲಿ. ನಾನು ಸೆರಗು ಸರಿಮಾಡಿಕೊಂಡರೆ ಗದರುತ್ತಿದ್ದರು: "ಸತ್ತೋರೇ ವಾಸಿ ಕಣಮ್ಮ, ಕ್ಯಾಮ್ರಾ ಕಂಡ್ರೆ ಸೆರಗು ಎಳ್ಕಳಲ್ಲ!"

ನನ್ನ ಗಂಡ ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಕಮ್ಮಿ ಅಂತ, ಮಗಳು ಜೋರಾಗಿ ನಕ್ಕಳು ಅಂತ. ಒಂದು ದಿನ ಬೆಲ್ಟಿನ ಬಕಲ್ ಬೆನ್ನಿನ ಚರ್ಮ ಕಿತ್ತುಕೊಂಡು ಬಂತು. ಮಾರನೆಯ ಬೆಳಿಗ್ಗೆ ಮಾವ ನನ್ನನ್ನು ಹಿತ್ತಲ ಬಿಸಿಲಿಗೆ ಕರೆದರು. ಅತ್ತೆ ಗಾಯದ ಪಕ್ಕ ಸ್ಕೇಲ್ ಹಿಡಿದರು. "ಬಂಗಾರಪೇಟೆಯಿಂದ ನಿಮ್ಮಣ್ಣ ಬರ್ಲಿ, ತೋರುಸ್ತೀನಿ," ಅಂದರು ಮಾವ.

ಫಿಲ್ಮ್ ತೊಳೆದರೆ ಒಂದೂ ಬಿದ್ದಿರಲಿಲ್ಲ. ಆ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಲೆನ್ಸಿಗೆ ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಎಲ್ಲಾ ಸ್ಪಷ್ಟವಾಗಿ ಕಾಣುತ್ತದೆ.

"ಮುಚ್ಚಳ ತೆಗೀದೇನೇ ಒತ್ತಿದ್ದೀನಿ ಕಣಮ್ಮ. ಸುರಂಗದಾಗೆ ಒಂದ್ ಸಲಾನೂ ಮರ್ತೋನಲ್ಲ," ಅಂದು ನೆಲ ನೋಡಿದರು. "ನನ್ ಮಗ ಅಲ್ವಾ."

ಅಣ್ಣ ಬರುವಷ್ಟರಲ್ಲಿ ಗಾಯ ಮಾಗಿತ್ತು. ಬೆನ್ನು ತೋರಿಸಲು ನನಗೂ ನಾಚಿಕೆ. ನನ್ನ ಗಂಡ ನಕ್ಕ: "ಸೊಳ್ಳೆ ಕಚ್ಚುದ್ರೂ ನಾನೇ ಒಡ್ದೆ ಅಂತಾಳೆ ಬಾವ." ಅಣ್ಣ ಕಾಫಿ ಕುಡಿದು, "ಒಂದ್ಕೊಂಡ್ ಓಗಮ್ಮ," ಅಂತ ಎದ್ದು ಹೋದ. ಮಾವ ಗೋಡೆ ಕಡೆ ಮುಖ ಮಾಡಿ ಕೂತಿದ್ದರು.

ಎರಡು ತಿಂಗಳಿಗೆ ಗಂಡ ನನ್ನ ಎಡಗೈ ಮುರಿದ. ಅಡ್ಡ ಬಂದ ಮಗಳನ್ನು ಎತ್ತಿ ಬಾಗಿಲಿಗೆ ಎಸೆದ. ಅವಳ ತುಟಿ ಸೀಳಿತು. ಅವತ್ತು ಮಾವ ಮುಚ್ಚಳ ಕಿತ್ತು ಹಲ್ಲಲ್ಲಿ ಕಚ್ಚಿಕೊಂಡರು. ಏಳು ಫೋಟೋ ತೆಗೆದರು.

ಅಣ್ಣ ಮತ್ತೆ ಬಂದಾಗ ನನ್ನ ಗಂಡ, "ಇಬ್ರೂ ಬಚ್ಚಲಲ್ಲಿ ಜಾರಿದ್ರು," ಅಂದ. ಮಾವ ಚಾಪೆಯ ಮೇಲೆ ಏಳನ್ನೂ ಸಾಲಾಗಿ ಇಟ್ಟರು.

"ಎತ್ತ ಮಗನ್ ಮಾನಾನೇ ತೆಗೀತೀಯೇನಪ್ಪಾ?"

"ಸತ್ತೋರ ಫೋಟೋದ್ ಇಂದೆ 'ಬಂಡೆ' ಅಂತ ಬರೀತಿದ್ದೆ ಕಣ್ಲಾ. ಇವುಗಳ್ ಇಂದೆ ನಿನ್ ಎಸ್ರು ಬರ್ದಿದ್ದೀನಿ."

ಅವನು ಕ್ಯಾಮೆರಾ ಕಿತ್ತುಕೊಂಡು ಅದರಿಂದಲೇ ಅಪ್ಪನ ಬಾಯಿಗೆ ಬಡಿದ. ಎರಡು ಹಲ್ಲು ಚಾಪೆಗೆ ಬಿದ್ದವು. ಅಣ್ಣ ಹಿಂದಿನಿಂದ ಅವನ ಕುತ್ತಿಗೆ ಹಿಡಿದು ನೆಲಕ್ಕೆ ಒತ್ತಿದ. ಮಾವ ಬಾಯಿಗೆ ಪಂಚೆ ಒತ್ತಿಕೊಂಡು ನನಗೆ ಹೇಳಿದ್ದು ಇಷ್ಟೇ: "ಫೋಟೋ ಎತ್ಕಳಮ್ಮ, ರಕ್ತ ಆಯ್ತವೆ."

ಆ ಫೋಟೋಗಳು ಪೊಲೀಸ್ ಠಾಣೆಗೆ, ಅಲ್ಲಿಂದ ಕೋರ್ಟಿಗೆ ಹೋದವು. ಕಟಕಟೆಯಲ್ಲಿ ಮಾವ, "ತೆಗ್ದಿದ್ದು ನಾನು, ಒಡ್ದಿದ್ದು ನನ್ ಮಗ," ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತರು. ಆಮೇಲೆ ಅತ್ತೆ, ಮಾವ ಇಬ್ಬರೂ ನನ್ನ, ಮಗಳ ಜೊತೆ ಬಂಗಾರಪೇಟೆಯ ಎರಡು ಕೋಣೆಯ ಮನೆಗೆ ಬಂದುಬಿಟ್ಟರು.

ಹೋದ ವರ್ಷ ಮಾವ ತೀರಿಕೊಂಡರು. ಕೊಳ್ಳಿ ಇಡಲು ಮಗ ಬಂದ. ನಾವು ಬೇಡ ಅನ್ನಲಿಲ್ಲ. ಅಂಗಳದಲ್ಲಿ ನನ್ನ ಪಕ್ಕದಲ್ಲೇ ನಿಂತು, ಮೊಳೆಗೆ ತೂಗುಹಾಕಿದ್ದ ಹಾರ ತೆಗೆಯಲು ಅವನು ಥಟ್ಟನೆ ಕೈ ಎತ್ತಿದ. ನಾನು ಬಗ್ಗಲಿಲ್ಲ, ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಹೂವಿನ ಬುಟ್ಟಿ ಹಿಡಿದುಕೊಂಡು ಹಾಗೇ ನಿಂತಿದ್ದೆ.